ಎರಡನೆಯ ದನಿ: ದಾಂಪತ್ಯದಲ್ಲಿ ಹುಟ್ಟಿದ ಒಲವಿನ ಹಾಡು



ಒಲವಿನ ಹಾಡೊಂದು ಮನಸ್ಸಿಗೆ ನಾಟಿದರೆ ಸಾಕು, ಅದರ ಹಿಂದೆ ಯಾರಿದ್ದರು ಎಂದು ಕೇಳುವುದು ನಮ್ಮ ಅಭ್ಯಾಸ. ಕವಿ ಯಾರನ್ನು ಕಂಡು ಬರೆದ, ಗಾಯಕ ಯಾರನ್ನು ನೆನೆದು ಹಾಡಿದ, ಅವರಿಬ್ಬರು ಕೊನೆಗೆ ಸೇರಿದರೇ? ಸೇರಲಿಲ್ಲ ಎಂದು ತಿಳಿದರೆ ಹಾಡು ಇನ್ನಷ್ಟು ಸಿಹಿಯಾಗುತ್ತದೆ. ಸೇರಿದರು, ಮದುವೆಯಾಯಿತು, ಒಂದೇ ಸೂರಿನಡಿ ಬಾಳಿದರು ಎಂದರೆ ಕುತೂಹಲ ಅಲ್ಲಿಗೇ ಇಳಿದುಹೋಗುತ್ತದೆ. ಹೀಗೆ ಇಳಿದುಹೋಗುವ ಕುತೂಹಲವನ್ನು ಎತ್ತಿ ನಿಲ್ಲಿಸುವುದು ಈ ಹೊತ್ತಿನ ನನ್ನ ಕೆಲಸ. ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ ಮತ್ತು ಪಕ್ಕದ ಕಾರ್ಕಳ ಸೀಮೆ ಕನ್ನಡಕ್ಕೆ ಕೊಟ್ಟ ಒಲವಿನ ಹಾಡುಗಳಲ್ಲಿ ದೊಡ್ಡವು ಮದುವೆಯಾದ ಮೇಲೆ ಹುಟ್ಟಿದವು, ಮನೆಯ ಒಳಗೆ ಹುಟ್ಟಿದವು. ಅವು ಉಳಿದು ಬಂದದ್ದಕ್ಕೂ ಅದೇ ಕಾರಣ ಎಂದು ನಾನು ನಂಬಿದ್ದೇನೆ.

ಮೂಡುಬಿದಿರೆಯ ರತ್ನಾಕರವರ್ಣಿಯಿಂದಲೇ ತೊಡಗುತ್ತೇನೆ. ಅಲ್ಲಿನ ಸಾವಿರ ಕಂಬದ ಬಸದಿ ಕಟ್ಟಿದ್ದು 1430ರಲ್ಲಿ. ಅದಾಗಿ ನೂರು ವರ್ಷ ದಾಟಿದ ಮೇಲೆ ಈ ಕವಿ ಬಾಳಿದ. ಅವನ ‘ತ್ರಿಲೋಕಶತಕ’ದ ಕಾಲ 1557. ‘ಭರತೇಶವೈಭವ’ ಅವನ ಮಹಾಕೃತಿ: ಎಂಬತ್ತು ಸಂಧಿಗಳು, ಸುಮಾರು ಹತ್ತು ಸಾವಿರ ಪದ್ಯಗಳು, ಎಲ್ಲವೂ ಸಾಂಗತ್ಯದಲ್ಲಿ. ಸಾಂಗತ್ಯ ಓದುವ ಛಂದಸ್ಸಲ್ಲ, ಹಾಡುವ ಛಂದಸ್ಸು. ತನ್ನ ಕೃತಿಯನ್ನು ಕೇಳಿ ಕನ್ನಡಿಗರು, ತೆಲುಗರು, ತುಳುವರು ತಮ್ಮ ತಮ್ಮ ನುಡಿಯಲ್ಲಿ ಬಾಯ್ತುಂಬ ಮೆಚ್ಚಬೇಕೆಂದು ಅವನು ಮೊದಲಿಗೇ ಹಾರೈಸುತ್ತಾನೆ. ಆ ಹಾರೈಕೆ ಓದುಗನನ್ನು ಉದ್ದೇಶಿಸಿದ್ದಲ್ಲ. ಎದುರಿಗೆ ಕುಳಿತು ತಲೆದೂಗುವ ಸಭೆ ಅವನ ಕಣ್ಣ ಮುಂದಿತ್ತು. ಆದ್ದರಿಂದ ರತ್ನಾಕರನನ್ನು ಕವಿ ಎನ್ನುವಷ್ಟೇ ಸಲುಗೆಯಿಂದ ಹಾಡುಗಾರ ಎಂದೂ ಕರೆಯಬಹುದು.

ಈ ಹಾಡುಗಾರನ ಬದುಕಿನ ಬಗ್ಗೆ ಒಂದು ಕಥೆ ಜನಪ್ರಿಯವಾಗಿದೆ. ಕಾರ್ಕಳದ ಭೈರರಸ ಒಡೆಯನ ಆಸ್ಥಾನದಲ್ಲಿ ಅವನು ಶೃಂಗಾರಕವಿ ಎನಿಸಿಕೊಂಡಿದ್ದ. ಅರಸನ ಮಗಳು ಅವನಲ್ಲಿ ಅನುರಕ್ತಳಾದಳು. ಅವನು ಯೋಗಬಲದಿಂದ ವಾಯುವನ್ನು ಸಾಧಿಸಿ ಅವಳ ಉಪ್ಪರಿಗೆಗೆ ಹೋಗಿಬರುತ್ತಿದ್ದ. ಗುಟ್ಟು ರಟ್ಟಾದಾಗ ವ್ರತ ಹಿಡಿದ. ಇದನ್ನು ನಮಗೆ ಹೇಳಿದವನು ‘ರಾಜಾವಳೀಕಥೆ’ಯ ದೇವಚಂದ್ರ. ಅವನು 19ನೆಯ ಶತಮಾನದವನು, ಅಂದರೆ ರತ್ನಾಕರನಿಗಿಂತ ಮುನ್ನೂರು ವರ್ಷಗಳಷ್ಟು ಈಚಿನವನು. ಕಥೆ ಸೊಗಸಾಗಿದೆ, ನಾಟಕಕ್ಕೂ ಸಿನಿಮಾಕ್ಕೂ ಒದಗುವಂತಿದೆ. ಆದರೆ ಆ ರಾಜಕುಮಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ‘ಭರತೇಶವೈಭವ’ದ ಬಾಗಿಲು ತಟ್ಟಿದವರಿಗೆ ಒಳಗೆ ಅವಳು ಸಿಗುವುದಿಲ್ಲ. ಅಲ್ಲಿರುವುದು ಗಂಡ ಹೆಂಡತಿ. ಕದ್ದು ನೋಡುವ, ಗೋಡೆ ಹಾರುವ, ವಿರಹದಲ್ಲಿ ಬೇಯುವ ಪ್ರೇಮ ಅಲ್ಲಿನ ಮುಖ್ಯ ಸಂಗತಿಯಲ್ಲ. ಒಟ್ಟಿಗೆ ಉಣ್ಣುವ, ಹಾಸ್ಯ ಮಾಡುವ, ಹಾಡು ಕೇಳುವ, ಮುನಿದು ಮತ್ತೆ ನಗುವ ಸಂಸಾರದ ಒಲವನ್ನೇ ರತ್ನಾಕರ ಬಿಡದೆ ಹಾಡುತ್ತಾನೆ.

ಜೈನ ಪುರಾಣದ ಲೆಕ್ಕದಲ್ಲಿ ಈ ಕಾವ್ಯದ ನಾಯಕ, ಚಕ್ರವರ್ತಿ ಭರತನಿಗೆ ತೊಂಬತ್ತಾರು ಸಾವಿರ ರಾಣಿಯರು. ಇಂದಿನ ಕೇಳುಗರಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಈ ಸಂಖ್ಯೆ ಕಿರಿಕಿರಿ ಮಾಡುತ್ತದೆ, ಮಾಡಲೇಬೇಕು. ಇಂಥ ಸಮೂಹದಲ್ಲಿ ಒಬ್ಬ ಹೆಣ್ಣಿಗೆ ಮುಖವೆಲ್ಲಿ, ಮಾತೆಲ್ಲಿ? ಪುರಾಣದಿಂದ ಬಂದ ಸಂಖ್ಯೆಯನ್ನು ಬದಲಿಸುವ ಸ್ವಾತಂತ್ರ್ಯ ಕವಿಗೆ ಇರಲಿಲ್ಲ. ಅವನು ಮಾಡಿದ್ದು ಬೇರೆ. ಆ ಸಮೂಹದಿಂದ ಒಬ್ಬೊಬ್ಬಳನ್ನು ಹೊರತೆಗೆದು ಅವಳಿಗೆ ಅವಳದೇ ದನಿ ಕೊಟ್ಟ.

ಕುಸುಮಾಜಿಯ ಪ್ರಸಂಗವನ್ನು ನೋಡಿ. ಅವಳು ಭರತನ ಒಬ್ಬ ರಾಣಿ. ಅವಳ ಬಳಿ ಒಂದು ಗಿಳಿ, ಅದರ ಹೆಸರು ಅಮೃತವಾಚಕ. ಒಬ್ಬಳೇ ಇದ್ದಾಗ ಅವಳು ಆ ಗಿಳಿಯ ಮುಂದೆ ಗಂಡನ ವಿಷಯ ಹೇಳಿಕೊಳ್ಳುತ್ತಾಳೆ: ಅವನ ಚೆಲುವು, ಅವನ ಸರಸ, ತನ್ನ ಮನಸ್ಸು. ನಾಲ್ಕು ಜನರೆದುರು ಆಡುವ ಮಾತಲ್ಲ ಅದು. ಗಂಡನೆದುರಿಗಂತೂ ಆಡುವುದೇ ಇಲ್ಲ. ಆದರೆ ಅಂತಃಪುರದ ಹೆಣ್ಣುಗಳ ಕಿವಿಗೆ ಅದು ಬೀಳುತ್ತದೆ. ಅವರು ಸುಮ್ಮನಿರುವುದಿಲ್ಲ, ಕೇಳಿದ್ದನ್ನು ಕಾವ್ಯವಾಗಿ ಕಟ್ಟುತ್ತಾರೆ. ಆ ಕಾವ್ಯವನ್ನು ಭರತನ ಸಮ್ಮುಖದಲ್ಲೇ ಓದಿಸುತ್ತಾರೆ. ಹೆಂಡತಿ ಗಿಳಿಗೆ ಹೇಳಿದ ಗುಟ್ಟು ಗಂಡನ ಕಿವಿಗೆ ಪದ್ಯವಾಗಿ ತಲಪುತ್ತದೆ.

ಈ ಪ್ರಸಂಗವನ್ನು ಓದಿದಾಗಲೆಲ್ಲ ನಾನು ಬೆರಗಾಗುತ್ತೇನೆ. ದಾಂಪತ್ಯದಿಂದ ಒಲವಿನ ಹಾಡು ಹೇಗೆ ಹುಟ್ಟುತ್ತದೆ ಎಂಬುದನ್ನು ಕನ್ನಡದ ಕವಿಯೊಬ್ಬ ನಾಲ್ಕೂವರೆ ಶತಮಾನದ ಹಿಂದೆ ಕಣ್ಣಿಗೆ ಕಟ್ಟುವಂತೆ ತೋರಿಸಿದ್ದಾನೆ. ಅವನ ಲೆಕ್ಕಾಚಾರದಲ್ಲಿ ಹಾಡಿನ ಮೂಲ ಹೆಂಡತಿಯ ಮಾತು. ಅದನ್ನು ಹಾಡಾಗಿಸಿದವರು ಅವಳ ಜೊತೆಯ ಹೆಣ್ಣುಗಳು. ಗಂಡ ಚಕ್ರವರ್ತಿಯೇ ಆಗಿರಲಿ, ಅಲ್ಲಿ ಬರಿಯ ಕೇಳುಗ. ಪ್ರೇಮಗೀತೆ ಎಂದರೆ ಗಂಡು ಹಾಡಬೇಕು, ಹೆಣ್ಣು ಕೇಳಬೇಕು ಎಂಬ ಪದ್ಧತಿಯನ್ನು ರತ್ನಾಕರ ಸದ್ದಿಲ್ಲದೆ ತಿರುಗಿಸಿಬಿಟ್ಟ. ಕುಸುಮಾಜಿಗೆ ನಾಚಿಕೆಯಾಗುತ್ತದೆ ನಿಜ. ಆದರೆ ಅವಳನ್ನು ಯಾರೂ ಹೀಯಾಳಿಸುವುದಿಲ್ಲ. ಆ ಸಭೆಯಲ್ಲಿ ಅವಳ ಮಾತೇ ಮಾನ್ಯವಾಗುತ್ತದೆ.

ದೇವಚಂದ್ರನ ಕಥೆಯ ಇನ್ನೊಂದು ಭಾಗವೂ ನಿಮಗೆ ಗೊತ್ತಿದೆ: ಗ್ರಂಥವನ್ನು ಆನೆಯ ಮೇಲೆ ಮೆರೆಸಬೇಕೆಂದು ಕವಿ ಕೇಳಿದಾಗ, ಅದರಲ್ಲಿ ಎರಡು ಮೂರು ಪದ್ಯಗಳು ಆಗಮಕ್ಕೆ ಒಪ್ಪುವುದಿಲ್ಲವೆಂದು ಗುರುಪೀಠ ನಿರಾಕರಿಸಿತು, ಜಗಳವಾಯಿತು, ಕವಿ ಮತವನ್ನೇ ಬಿಟ್ಟುಹೋಗಿ ಮತ್ತೆ ಮರಳಿದ. ಇದರ ಸತ್ಯಾಸತ್ಯತೆ ಹಾಗಿರಲಿ. ಸಂಸಾರದಲ್ಲಿದ್ದೇ ಯೋಗಿಯಾಗಿದ್ದ, ದೀಕ್ಷೆ ಹಿಡಿದ ಅಲ್ಪ ಹೊತ್ತಿನಲ್ಲೇ ಕೈವಲ್ಯಕ್ಕೆ ಏರಿದ ಭರತನನ್ನು ನಾಯಕನನ್ನಾಗಿ ಆರಿಸಿಕೊಂಡ ಕವಿ, ಕಾವ್ಯದಲ್ಲಿ ಭೋಗವಿಜಯವೆಂಬ ಭಾಗವನ್ನು ಮೊದಲಿಟ್ಟು ಮೋಕ್ಷವಿಜಯವನ್ನು ಆಮೇಲಿಟ್ಟ. ಮೊದಲನೆಯದನ್ನು ತಪ್ಪೆಂದು ಅಳಿಸಿ ಎರಡನೆಯದಕ್ಕೆ ಹೋಗಲಿಲ್ಲ. ಹೆಂಡತಿಯ ಮಾತನ್ನು ಕೇಳಿ ತಣಿದ ಕಿವಿಯೇ ಮುಂದೆ ಆತ್ಮದ ಮಾತನ್ನೂ ಕೇಳುತ್ತದೆ ಎಂಬುದು ಅವನ ನಿಲುವು ಎಂದು ನಾನು ಓದಿಕೊಂಡಿದ್ದೇನೆ.

ಈಗ ಮೂಡುಬಿದಿರೆಯಿಂದ ಬೆಳ್ಮಣ್ಣಿನ ಕಡೆಗೆ, ನಂದಳಿಕೆಗೆ ಬರೋಣ. 1870ರ ಜನವರಿ 24ರಂದು ಅಲ್ಲಿ ಪಾಟಾಳಿ ತಿಮ್ಮಪ್ಪಯ್ಯ ಮತ್ತು ಮಹಾಲಕ್ಷ್ಮಮ್ಮನವರಿಗೆ ಹುಟ್ಟಿದ ಲಕ್ಷ್ಮೀನಾರಣಪ್ಪ ಕನ್ನಡಕ್ಕೆ ಮುದ್ದಣನಾದದ್ದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಅವನು ಯಕ್ಷಗಾನದ ಪದಗಾರನಾಗಿಯೂ ದೊಡ್ಡವನು ಎಂಬುದನ್ನು ಪಠ್ಯಪುಸ್ತಕಗಳು ಮರೆಯುತ್ತವೆ. ‘ರತ್ನಾವತೀ ಕಲ್ಯಾಣ’, ‘ಕುಮಾರವಿಜಯ’ ಅವನ ಪ್ರಸಂಗಗಳು. ರಾಗ, ತಾಳ, ದರುವಿನ ನಡೆ ಗೊತ್ತಿಲ್ಲದವನು ಪ್ರಸಂಗ ಬರೆಯಲಾರ. ಬರೆದರೂ ಭಾಗವತನ ಬಾಯಲ್ಲಿ ಅದು ನಿಲ್ಲದು. ಹೊಟ್ಟೆಪಾಡಿಗೆ ಉಡುಪಿ, ಕುಂದಾಪುರಗಳ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕನ ಕೆಲಸ. 1893ರಲ್ಲಿ ಘಟ್ಟದ ಮೇಲಿನ ಕಾಗೆಕೋಡಮಗ್ಗಿಯ ಕಮಲಾಬಾಯಿಯೊಡನೆ ಮದುವೆ. 1901ರ ಫೆಬ್ರವರಿಯಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಕ್ಷಯದಿಂದ ಸಾವು. ಲೆಕ್ಕ ಹಾಕಿದರೆ ದಾಂಪತ್ಯ ಎಂಟು ವರ್ಷವೂ ತುಂಬಲಿಲ್ಲ. ಆ ಎಂಟು ವರ್ಷಗಳ ಒಳಗೇ ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ಕೊನೆಗೆ ‘ಶ್ರೀರಾಮಾಶ್ವಮೇಧ’ ಬೆಳಕು ಕಂಡವು.

‘ರಾಮಾಶ್ವಮೇಧ’ದ ಕಥೆ ರಾಮನದು. ಆದರೆ ಇವತ್ತು ಆ ಕೃತಿಯನ್ನು ನೆನೆದವರು ನೆನೆಯುವುದು ಕುದುರೆಯನ್ನೂ ಅಲ್ಲ, ಯುದ್ಧವನ್ನೂ ಅಲ್ಲ. ಮುದ್ದಣ ಮತ್ತು ಮನೋರಮೆಯ ಸಲ್ಲಾಪ ಎಲ್ಲರ ನೆನಪಿನಲ್ಲಿದೆ. ಮಳೆಗಾಲ, ಅರಮನೆಯಿಂದ ದಣಿದು ಬಂದ ಗಂಡ, ಉಪಚರಿಸಿ ಕೂರಿಸಿ, ಕಥೆ ಹೇಳೆಂದು ಹಟ ಹಿಡಿಯುವ ಹೆಂಡತಿ. ಅವನು ಪದ್ಯದಲ್ಲಿ ಹೇಳಲೇ ಎಂದರೆ ಬೇಡವೆನ್ನುತ್ತಾಳೆ, ಗದ್ಯವೇ ಆಗಬೇಕೆನ್ನುತ್ತಾಳೆ. ಅವನು ಬಿಗಿಯಾದ ಸಂಸ್ಕೃತದಲ್ಲಿ ಆರಂಭಿಸಿದರೆ ತಡೆಯುತ್ತಾಳೆ; ತನಗೆ ತಿಳಿಯುವ ಕನ್ನಡದಲ್ಲಿ ಹೇಳೆನ್ನುತ್ತಾಳೆ. ಕಥೆಯ ನಡುನಡುವೆಯೂ ಅಷ್ಟೇ, ಅವಳಿಗೆ ಸರಿಬೀಳದಿದ್ದರೆ ಅವನು ಮುಂದೆ ಹೋಗುವಂತಿಲ್ಲ. ಬಹುಮಾನ ಕೊಡು ಎಂದು ಅವನು ಕಾಡುತ್ತಾನೆ, ಅವಳು ಹುಸಿಮುನಿಸು ತೋರುತ್ತಾಳೆ.

ಇದನ್ನು ಸರಸ ಎಂದು ಮೆಚ್ಚಿ ಮುಂದೆ ಹೋಗುವವರೇ ಹೆಚ್ಚು. ಅಲ್ಲಿ ನಡೆದ ಕೆಲಸ ಸರಸಕ್ಕಿಂತ ದೊಡ್ಡದು. ಹಳಗನ್ನಡ ಕಾವ್ಯದಲ್ಲಿ ಕೇಳುಗ ಎಂದರೆ ಅರಸ, ಪಂಡಿತ, ಇಲ್ಲವೆ ಪುರಾಣದ ಯಾವನೋ ಜನಮೇಜಯ. ಅವರು ಕೈಮುಗಿದು ಕೇಳುತ್ತಾರೆ, ಮೆಚ್ಚುತ್ತಾರೆ. ಮುದ್ದಣ ಆ ಪೀಠದಲ್ಲಿ ಹೆಂಡತಿಯನ್ನು ಕೂರಿಸಿದ. ಅವಳಿಗೆ ಅಡ್ಡಬಾಯಿ ಹಾಕುವ ಅಧಿಕಾರ ಕೊಟ್ಟ. ಕನ್ನಡದ ಕಾವ್ಯ ಪದ್ಯದಿಂದ ಗದ್ಯಕ್ಕೆ, ಓಲೆಯಿಂದ ಅಚ್ಚಿಗೆ ಹೊರಳುತ್ತಿದ್ದ ಹೊತ್ತಿನಲ್ಲಿ ಯಾವ ಭಾಷೆಯಲ್ಲಿ ಬರೆಯಬೇಕು ಎಂಬ ಪ್ರಶ್ನೆಗೆ ಉತ್ತರ ಹೇಳಿದವಳು ಮನೋರಮೆ. ವಿಮರ್ಶಕರ ಮಂಡಲಿಯೊಂದು ವರ್ಷಗಟ್ಟಲೆ ಚರ್ಚಿಸಿ ಮುಟ್ಟಬೇಕಾದ ತೀರ್ಮಾನವನ್ನು ಮನೆಯ ಜಗಲಿಯಲ್ಲಿ ಒಂದು ಹೆಣ್ಣು ಮುಟ್ಟಿಸಿದಳು. ಆ ಸಲುಗೆ ದಾಂಪತ್ಯದ್ದು. ಹೊಸದಾಗಿ ಪ್ರೀತಿಸಿದವಳು ನಾಚಿ ಮೆಚ್ಚುತ್ತಿದ್ದಳು, ಬಾಳಿದವಳು ತಿದ್ದುತ್ತಾಳೆ.

ಮನೋರಮೆಯೇ ಕಮಲಾಬಾಯಿ ಎಂದು ಸಮೀಕರಿಸುವುದು ಸುಲಭ, ಆದರೆ ನ್ಯಾಯವಲ್ಲ. ಕಾವ್ಯದ ಮುದ್ದಣ ಅರಮನೆಯಿಂದ ಬರುತ್ತಾನೆ, ನಂದಳಿಕೆಯ ಲಕ್ಷ್ಮೀನಾರಣಪ್ಪ ಶಾಲೆಯ ಮೈದಾನದಿಂದ ಬರುತ್ತಿದ್ದ. ಕಾವ್ಯದ ಮನೆಯಲ್ಲಿ ಹಣ್ಣು, ತಾಂಬೂಲ, ಬಿಡುವು. ನಿಜದ ಮನೆಯಲ್ಲಿ ಸಣ್ಣ ಸಂಬಳ, ಬೇನೆ. ತನ್ನ ಕೃತಿಗಳನ್ನು ತನ್ನದೆಂದು ಹೇಳಿಕೊಳ್ಳಲೂ ಹಿಂಜರಿದು, ಹಳೆಯ ಕಾವ್ಯದ ಪ್ರತಿಯೆನ್ನುವಂತೆ ಮೈಸೂರಿನ ಸಂಪಾದಕರಿಗೆ ಕಳಿಸಿದವನು ಅವನು. ಹೊರಗೆ ಹೆಸರನ್ನು ಅಡಗಿಸಿದ ಮನುಷ್ಯ, ಒಳಗೆ, ಕಾವ್ಯದ ಮಧ್ಯದಲ್ಲಿ, ತನ್ನನ್ನು ಅಮ್ಮನಿಟ್ಟ ಮುದ್ದು ಹೆಸರಿನಿಂದಲೇ ಕರೆದುಕೊಂಡ. ಎದುರಿಗೆ ಒಬ್ಬ ಹೆಂಡತಿಯನ್ನು ಕೂರಿಸಿಕೊಂಡ. ಲೋಕದ ಮುಂದೆ ಇಲ್ಲದ ಧೈರ್ಯ ಅವನಿಗೆ ಬಂದದ್ದು ಆ ಒಬ್ಬಳ ಮುಂದೆ. ಕಮಲಾಬಾಯಿಗೆ ಕನ್ನಡ ಸಾಹಿತ್ಯ ಸಲ್ಲಿಸಬೇಕಾದ ಗೌರವವನ್ನು ಮನೋರಮೆಗೆ ಸಲ್ಲಿಸಿ ಮುಗಿಸಿಬಿಟ್ಟಿದ್ದೇವೆ. ಇದು ನನ್ನನ್ನು ನೋಯಿಸುತ್ತದೆ.

ಮುದ್ದಣನ ಜಗಲಿಯಿಂದ ಮುಂದೆ ಹೊರಟ ದಾರಿ ಕನ್ನಡದಲ್ಲಿ ದೂರ ಸಾಗಿತು. 1937ರ ಬೇಂದ್ರೆಯವರ ‘ಸಖೀಗೀತ’, ರಾಜರತ್ನಂ ಅವರ ಪದಗಳಲ್ಲಿನ ರತ್ನನ ಹೆಂಡತಿ ನಂಜಿ, 1942ರ ‘ಮೈಸೂರು ಮಲ್ಲಿಗೆ’. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ಮದುವೆ ವೆಂಕಮ್ಮನವರೊಡನೆ 1936ರಲ್ಲಿ ಆಯಿತು. ಆರು ವರ್ಷಗಳಲ್ಲಿ ಆ ಸಂಕಲನ ಬಂತು. ಅದು ಸುಗಮ ಸಂಗೀತವಾಗಿ ಮನೆಮನೆ ಸೇರಿದ್ದು, 1992ರಲ್ಲಿ ಸಿ. ಅಶ್ವಥ್ ಅವರ ಸಂಗೀತದಲ್ಲಿ ನಾಗಾಭರಣರ ಚಿತ್ರವಾದದ್ದು ಹೇಳಿ ತಿಳಿಸಬೇಕಾದ ವಿಷಯವಲ್ಲ. ಕರಾವಳಿಯವನಾದ ನನಗೆ ಒಂದು ಹೆಮ್ಮೆಯಿದೆ: ಕನ್ನಡದ ಹೊಸ ಕಾವ್ಯದಲ್ಲಿ ಹೆಂಡತಿಯೊಡನೆ ಹೀಗೆ ಮಾತಾಡಬಹುದು ಎಂದು ಮೊದಲು ತೋರಿಸಿದ್ದು ನಂದಳಿಕೆ.

ದೂರದ ಒಂದು ಉದಾಹರಣೆಯನ್ನೂ ನೆನೆಯುತ್ತೇನೆ. ಜರ್ಮನಿಯ ಸಂಗೀತಗಾರ ರಾಬರ್ಟ್ ಶೂಮನ್ ತನ್ನ ಪಿಯಾನೋ ಗುರುವಿನ ಮಗಳು ಕ್ಲಾರಾ ವೀಕ್‌ಳನ್ನು ಮದುವೆಯಾಗಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ತಂದೆಯ ವಿರೋಧ ಅಷ್ಟಿತ್ತು. 1840ರ ಸೆಪ್ಟೆಂಬರ್ 12ರಂದು ಮದುವೆಯಾಯಿತು. ಆ ಒಂದೇ ವರ್ಷದಲ್ಲಿ ಅವನು ನೂರಕ್ಕೂ ಹೆಚ್ಚು ಹಾಡುಗಳಿಗೆ ಸಂಗೀತ ರಚಿಸಿದ. ‘ಮಿರ್ಟನ್’ ಎಂಬ ಗುಚ್ಛವನ್ನು ವಧುವಿಗೆ ಉಡುಗೊರೆಯಾಗಿ ಕೊಟ್ಟ. ಸಂಗೀತದ ಇತಿಹಾಸ ಇಲ್ಲಿಗೆ ನಿಲ್ಲಿಸುತ್ತದೆ, ನನಗೆ ಮುಖ್ಯವಾದದ್ದು ಅನಂತರದ ಮಾತು. ಮದುವೆಯಾದ ಮೇಲೆ ರ‍್ಯೂಕರ್ಟ್ ಕವಿಯ ಪ್ರೇಮಕವನಗಳನ್ನು ಆರಿಸಿ ದಂಪತಿ ಒಟ್ಟಿಗೆ ಹನ್ನೆರಡು ಹಾಡು ಪ್ರಕಟಿಸಿದರು. ಅದರಲ್ಲಿ ಮೂರು ಕ್ಲಾರಾಳವು. ಯಾರ ಹಾಡು ಯಾವುದು ಎಂದು ಮುಖಪುಟ ಹೇಳಲಿಲ್ಲ. ಕುಸುಮಾಜಿಯ ಅಂತಃಪುರದಲ್ಲಿ ನಡೆದದ್ದಕ್ಕೂ ಇದಕ್ಕೂ ಎಷ್ಟು ಹತ್ತಿರ!

ಮತ್ತೆ ನಮ್ಮ ಸೀಮೆಯ ಬಂಟ್ವಾಳಕ್ಕೆ ಬಂದರೆ, ನೇತ್ರಾವತಿಯ ದಡದ ಆ ಪೇಟೆ 1874ರಲ್ಲಿ ಪಂಜೆ ಮಂಗೇಶರಾಯರು ಹುಟ್ಟಿದ ಊರು. ಅವರು ಮಕ್ಕಳಿಗಾಗಿ ಹಾಡು ಬರೆದರು, ತುಳುನಾಡಿನ ಕೋಟಿ ಚೆನ್ನಯರನ್ನು ಕನ್ನಡಕ್ಕೆ ತಂದರು. ದಂಪತಿಯ ಒಲವನ್ನು ಹಾಡಲಿಲ್ಲ. ಆದರೆ ಬಂಟ್ವಾಳ, ವಿಟ್ಲ, ಬೆಳ್ತಂಗಡಿ, ವೇಣೂರುಗಳ ಗದ್ದೆಗಳಲ್ಲಿ ಬೆಳಗಿನವರೆಗೆ ನಡೆದ ಯಕ್ಷಗಾನದ ಆಟಗಳು ಆ ಕೊರತೆ ತುಂಬಿದವು. ಈ ಸೀಮೆಯ ಸಾಮಾನ್ಯ ಜನ ಶೃಂಗಾರವನ್ನು ಪುಸ್ತಕದಲ್ಲಿ ಓದಿದವರಲ್ಲ. ಭಾಗವತರ ಬಾಯಲ್ಲಿ ಕೇಳಿದವರು. ಪ್ರಸಂಗಗಳ ಹೆಸರೇ ನೋಡಿ, ಎಷ್ಟೊಂದು ಕಲ್ಯಾಣ, ಎಷ್ಟೊಂದು ಪರಿಣಯ. ಅವುಗಳಲ್ಲಿ ಹೆಚ್ಚಿನವು ಮದುವೆಗೆ ಮುಗಿಯುತ್ತವೆ. ಮದುವೆಯ ಆಚೆಗೆ ಹೆಜ್ಜೆಯಿಡುವ ನಳ ದಮಯಂತಿಯಂಥವು ಬಂದಾಗ ರಂಗದ ಗತಿಯೇ ಬೇರೆ. ಶೃಂಗಾರದ ಪದಕ್ಕೆ ಚೆಂಡೆ ಸುಮ್ಮನಾಗುತ್ತದೆ. ಉಳಿಯುವುದು ಭಾಗವತರ ಕಂಠ, ಜಾಗಟೆಯ ಎಳೆ, ಮದ್ದಳೆ. ಹಾಡುವವನ ಉಸಿರು ಎಲ್ಲಿ ತಂಗುತ್ತದೆ, ಎಲ್ಲಿ ಹೊರಡುತ್ತದೆ ಎಂದು ಮದ್ದಳೆಗಾರನಿಗೆ ಮೊದಲೇ ತಿಳಿದಿರಬೇಕು. ಪದವನ್ನು ಎಳೆದಾಗ ತುಂಬಬೇಕು, ನಿಲ್ಲಿಸಿದಾಗ ಬಿಟ್ಟುಕೊಡಬೇಕು.

ಇಲ್ಲಿ ನಾನು ಲೀಲಾವತಿ ಬೈಪಾಡಿತ್ತಾಯರನ್ನು ನೆನೆಯದೆ ಮುಂದೆ ಹೋಗಲಾರೆ. 1947ರಲ್ಲಿ ಕಾಸರಗೋಡಿನ ಮಧೂರಿನಲ್ಲಿ ಹುಟ್ಟಿ, ಶಾಸ್ತ್ರೀಯ ಸಂಗೀತ ಕಲಿತ ಹೆಣ್ಣುಮಗಳು. ಹಿಮ್ಮೇಳದ ಕಲಾವಿದ ಹರಿನಾರಾಯಣ ಬೈಪಾಡಿತ್ತಾಯರನ್ನು ಮದುವೆಯಾದರು. ಯಕ್ಷಗಾನದ ಭಾಗವತಿಕೆಯನ್ನು ಅವರಿಗೆ ಕಲಿಸಿದವರು ಗಂಡ. ತೆಂಕುತಿಟ್ಟಿನಲ್ಲಿ ಹೆಣ್ಣೊಬ್ಬಳು ವೃತ್ತಿಮೇಳದಲ್ಲಿ ಜಾಗಟೆ ಹಿಡಿದು ಕೂರುವುದು ಕಲ್ಪನೆಗೂ ದೂರವಿದ್ದ ಕಾಲದಲ್ಲಿ ಅವರು ಕೂತರು. ಮೇಳದಿಂದ ಮೇಳಕ್ಕೆ ತಿರುಗಾಟ ಮಾಡಿದರು. ಬೆಳ್ತಂಗಡಿ ತಾಲೂಕಿನ ಅಳದಂಗಡಿ ಸೀಮೆಯ ಅರುವ ಮೇಳವೂ ಅವುಗಳಲ್ಲಿ ಒಂದು. ಗಂಡಸರ ಶ್ರುತಿಗೆ ಕಟ್ಟಿದ ಕಲೆ, ಗಂಡಸರೇ ತುಂಬಿದ ಚೌಕಿ, ಊರಿಂದೂರಿಗೆ ರಾತ್ರಿಗಳು. ಆ ರಂಗದಲ್ಲಿ ಹೆಂಡತಿ ಹಾಡುತ್ತಿದ್ದರೆ ಪಕ್ಕದಲ್ಲಿ ಗಂಡನ ವಾದನ. 2024ರ ಡಿಸೆಂಬರಿನಲ್ಲಿ ಆ ಕಂಠ ನಿಂತಿತು.

ಅವರ ದಾಂಪತ್ಯದಿಂದ ಯಾವ ಪ್ರೇಮಗೀತೆ ಹುಟ್ಟಿತು ಎಂದು ಕೇಳುವವರಿಗೆ ನನ್ನ ಉತ್ತರ ಇದು. ಅವರು ಹಾಡಿದ ಪದಗಳು ಹಳೆಯ ಪ್ರಸಂಗಕರ್ತರವು, ಪುರಾಣದ ದಂಪತಿಗಳ ಮೇಲಿನವು. ಆದರೆ ಅದುವರೆಗೆ ಗಂಡುದನಿಯಲ್ಲಿ ಕೇಳಿದ ದಮಯಂತಿಯ ಅಳಲು, ಚಂದ್ರಮತಿಯ ಮೊರೆ ಒಬ್ಬ ಹೆಣ್ಣಿನ ಗಂಟಲಿನಿಂದ ಬಂದಾಗ ಅವು ಹೊಸ ಹಾಡುಗಳೇ ಆದವು. ಆ ಗಂಟಲಿಗೆ ಜಾಗಟೆ ಕೊಟ್ಟದ್ದು ಒಂದು ಮದುವೆ. ರತ್ನಾಕರನಲ್ಲಿ ಗಂಡ ಕೇಳುಗನಾದ, ಮುದ್ದಣನಲ್ಲಿ ಹೆಂಡತಿ ತಿದ್ದುವವಳಾದಳು, ಇಲ್ಲಿ ಗಂಡ ಲಯವಾದ. ಮೂರರಲ್ಲೂ ಹಾಡು ಒಬ್ಬರದಲ್ಲ.

ಆದ್ದರಿಂದ ಮದುವೆ ಹಾಡಿಗೆ ವಸ್ತುವಾಯಿತು ಎನ್ನುವುದಕ್ಕಿಂತ, ಮದುವೆ ಹಾಡಿಗೆ ಎರಡನೆಯ ದನಿಯನ್ನು ಕೊಟ್ಟಿತು ಎನ್ನುವುದು ನನಗೆ ಹೆಚ್ಚು ನಿಜ. ಒಂಟಿ ಪ್ರೇಮಿಯ ಹಾಡಿನಲ್ಲಿ ಪ್ರಿಯೆ ಚಿತ್ರದ ಹಾಗೆ ನಿಂತಿರುತ್ತಾಳೆ. ಅವಳಿಗೆ ಉತ್ತರ ಕೊಡುವ ಅವಕಾಶವೇ ಇಲ್ಲ. ಉತ್ತರ ಕೊಡುವವರಿದ್ದ ಹಾಡನ್ನು ನಾವು ಮತ್ತೆ ಮತ್ತೆ ಕೇಳುತ್ತೇವೆ, ಏಕೆಂದರೆ ಪ್ರತಿಸಲವೂ ಬೇರೆಯವರ ಪಕ್ಷ ಹಿಡಿದು ಕೇಳಬಹುದು.

ಕೊನೆಗೆ ಒಂದು ಬೇಡಿಕೆ. 2003ರಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವನ್ನು ಕಮಲಾ ಹಂಪನಾ ಅವರ ಅಧ್ಯಕ್ಷತೆಯಲ್ಲಿ ನಡೆಸಿದ ಊರು ಮೂಡುಬಿದಿರೆ. ರತ್ನಾಕರನ ಹೆಸರಿನ ವೇದಿಕೆಯ ಮೇಲೆ ನಾಡಿನ ದೊಡ್ಡ ಕಲಾವಿದರನ್ನು ಕರೆಸಿಕೊಳ್ಳುವ ಊರು. ಇಲ್ಲಿ ಕುಸುಮಾಜಿಯ ಸಂಧಿಯನ್ನು ವರ್ಷಕ್ಕೊಮ್ಮೆಯಾದರೂ ಇಡಿಯಾಗಿ ಹಾಡಿಸಬೇಕು. ಗಮಕಿಗಳ ಧಾಟಿಯಲ್ಲೂ ಆಗಬಹುದು, ಯಕ್ಷಗಾನದ ಹಿಮ್ಮೇಳದಲ್ಲೂ ಆಗಬಹುದು. ಈಗ ನಮ್ಮ ನಡುವೆ ಒಬ್ಬರಲ್ಲ, ಹಲವು ಹೆಣ್ಣು ಭಾಗವತರಿದ್ದಾರೆ. ಕುಸುಮಾಜಿಗೆ ಒಂದು ಕಂಠವಿರಲಿ, ಗಿಳಿಗೆ ಇನ್ನೊಂದು, ಕಾವ್ಯ ಕಟ್ಟಿ ಓದುವ ಹೆಣ್ಣುಗಳಿಗೆ ಮತ್ತೊಂದು. ಚೆಂಡೆ ಬೇಡ, ಮದ್ದಳೆ ಸಾಕು. ಭರತನ ವೇಷಧಾರಿಗೆ ಪದವೂ ಬೇಡ, ಅರ್ಥವೂ ಬೇಡ. ಅವನು ಕುಳಿತು ಕೇಳಲಿ.